1.350 ಘನ ಮೀಟರ್ ಸಾಗುವಾನಿ ಅಂದರೆ ಎಷ್ಟು ಸಿಎಫ್‌ಟಿ?

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಹರಾಜಿನಲ್ಲಿ ಸಾಗುವಾನಿ ದಿಮ್ಮಿಗಳನ್ನು ಕೊಂಡೆ. ಪಟ್ಟಿಯಲ್ಲಿ ಒಟ್ಟು 1.350 ಘನ ಮೀಟರ್ ಎಂದಿದೆ. ಸಾಮಿಲ್‌ನವರು ಇದು 37 ಸಿಎಫ್‌ಟಿ (ಘನ ಅಡಿ) ಚಿಲ್ಲರೆ ಅನ್ನುತ್ತಾರೆ. ನಮ್ಮ ಭಾವ ಮೊಬೈಲಿನಲ್ಲಿ ಲೆಕ್ಕ ಹಾಕಿ 47 ದಾಟುತ್ತದೆ ಅಂದರು. ಯಾವುದು ಸರಿ? ಪಟ್ಟಿಯಲ್ಲಿ ಒಂದು ದಿಮ್ಮಿಗೆ ಹೀಗೆ ಬರೆದಿದೆ: ಉದ್ದ 3 ಮೀಟರ್, ಸುತ್ತಳತೆ 120 ಸೆಂ.ಮೀ., 0.270 ಘನ ಮೀಟರ್.
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ನಿಮ್ಮ ಭಾವನ ಲೆಕ್ಕವೇ ಸರಿ. ಹಾಗಂತ ಸಾಮಿಲ್‌ನವರು ಸುಮ್ನೆ ಹೇಳಿದ ಅಂಕಿಯೂ ಅದಲ್ಲ. ಅವರು ಘನ ಮೀಟರನ್ನು 27.74ರಿಂದ ಗುಣಿಸಿದ್ದಾರೆ, ಭಾವ 35.315ರಿಂದ. ಎರಡೂ ನಿಜವಾದ ಅಂಕಿಗಳೇ. ಯಾವುದನ್ನು ಎಲ್ಲಿ ಬಳಸಬೇಕು ಅನ್ನುವುದೇ ಪ್ರಶ್ನೆ.

ಮರದವರು ದಿಮ್ಮಿಯ ನಡುವೆ ದಾರ ಸುತ್ತುತ್ತಾರೆ. ಆ ದಾರವನ್ನು ನಾಲ್ಕು ಮಡಿಕೆ ಮಾಡಿದರೆ ಸಿಗುವುದು ಕಾಲು ಸುತ್ತಳತೆ. ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ ದಿಮ್ಮಿಯ ಅಳತೆ ಬಂತು. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ 1736ರಲ್ಲಿ ಇದರ ಕೋಷ್ಟಕಗಳನ್ನು ಪ್ರಕಟಿಸಿದ. ಹಾಗಾಗಿ ಇದಕ್ಕೆ ಹಾಪಸ್ ಅಳತೆ ಅಂತಲೇ ಹೆಸರು. ಆದರೆ ದಿಮ್ಮಿ ದುಂಡಗಿದೆ, ಲೆಕ್ಕ ಚೌಕದ್ದು. ಒಂದೇ ದಾರದಲ್ಲಿ ಚೌಕ ಮಾಡಿದರೆ ಒಳಗಿನ ಜಾಗ ದುಂಡಿನ 78.5 ಶೇಕಡಾ ಮಾತ್ರ. ಉಳಿದದ್ದು ಕೊಯ್ಯುವಾಗ ಹೋಗುವ ಅಂಚು, ಹೊಟ್ಟಿನ ಬಾಬ್ತು ಅಂತ ಬಿಟ್ಟುಬಿಡುವ ರೂಢಿ.

ಈಗ ನಿಮ್ಮ ದಿಮ್ಮಿ ನೋಡಿ. 120ರ ಕಾಲು ಭಾಗ 30 ಸೆಂ.ಮೀ. 0.30 × 0.30 × 3 = 0.270. ಪಟ್ಟಿಯಲ್ಲಿ ಇರುವುದೂ ಅದೇ ಅಲ್ವಾ? ದುಂಡಿನ ಪೂರ್ತಿ ಲೆಕ್ಕವಾಗಿದ್ದರೆ 0.344 ಇರಬೇಕಿತ್ತು. ಅಂದರೆ ಆ ಕಡಿತ ಪಟ್ಟಿಯಲ್ಲೇ ಆಗಿಹೋಗಿದೆ. ಇನ್ನು ಘನ ಮೀಟರನ್ನು ಘನ ಅಡಿಗೆ ತಿರುಗಿಸುವುದಷ್ಟೇ ಬಾಕಿ: 1.350 × 35.315 = 47.68 ಸಿಎಫ್‌ಟಿ. 27.74 ಬಳಸುವುದು 0.344ರಂಥ ಪೂರ್ತಿ ಅಳತೆಯನ್ನು ಹಾಪಸ್ ಅಳತೆಯ ಘನ ಅಡಿಗೆ ತರುವಾಗ. ನಿಮ್ಮ ಪಟ್ಟಿಗೆ ಅದನ್ನು ಹಾಕಿದರೆ ಒಂದೇ ಕಡಿತ ಎರಡು ಸಲ ಆಗುತ್ತದೆ. ಹತ್ತು ಸಿಎಫ್‌ಟಿ ಸಾಗುವಾನಿ ಕಾಗದದ ಮೇಲೇ ಮಾಯ! ಇದು ಸಣ್ಣ ಮಾತಲ್ಲ. ಪಟ್ಟಿ ಹಿಡಿದು ಹೋಗಿ, ಆ ಒಂದು ದಿಮ್ಮಿಯ ಲೆಕ್ಕವನ್ನು ಅವರ ಮುಂದೆಯೇ ಮಾಡಿ ತೋರಿಸಿ.

ಯಾರಾದರೂ ಟನ್ ಲೆಕ್ಕದಲ್ಲಿ ಮಾತಾಡಿದರೆ ಗಾಬರಿ ಬೇಡ. ಮರದ ವ್ಯಾಪಾರದಲ್ಲಿ ಟನ್ ಅಂದರೆ ತೂಕವಲ್ಲ, 50 ಘನ ಅಡಿ.

ಹಾಗೆಂದು 47 ಸಿಎಫ್‌ಟಿ ಹಲಗೆಯೇ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ದಿಮ್ಮಿ ಸೊಟ್ಟಗಿದ್ದರೆ, ಒಳಗೆ ಪೊಳ್ಳಿದ್ದರೆ, ಹೊರಗಿನ ಬಿಳಿ ಭಾಗ ತೆಗೆದು ಕೆಚ್ಚು ಮಾತ್ರ ಇಟ್ಟುಕೊಂಡರೆ ಇನ್ನೂ ಕಡಿಮೆಯಾಗುತ್ತದೆ. ಕೊಯ್ದ ಮರದ ಲೆಕ್ಕ ಬೇರೆ: ಅಗಲ ಇಂಚು × ದಪ್ಪ ಇಂಚು × ಉದ್ದ ಅಡಿ, ಭಾಗಿಸು 144. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲಿನ ಚೌಕಟ್ಟಿಗೆ ಹೊಸ್ತಿಲೂ ಸೇರಿ 21 ಅಡಿ ಉದ್ದದ ಮರ ಬೇಕು. 5 × 3 ಇಂಚಿನದಾದರೆ ಸುಮಾರು 2.19 ಸಿಎಫ್‌ಟಿ. ನಿಮ್ಮ ಮನೆಗೆ ಎಷ್ಟು ಚೌಕಟ್ಟು ಬೇಕೋ ಎಣಿಸಿ, ಪಟ್ಟಿ ಬರೆದು, ಆಮೇಲೆ ಕೊಯ್ಯಲು ಕೊಡಿ.