ಒಂದೇ ರೌಂಡ್ ಗಿಡ್ಡವಾಗಿದ್ದರೆ ಹಾರಿಸಬೇಡಿ

ನಿಮ್ಮ ಪಿಸ್ತೂಲಿನ ಒಂದು ರೌಂಡ್ (ತೋಟಾ) ಉಳಿದವಕ್ಕಿಂತ ಗಿಡ್ಡವಾಗಿದೆ, ಯಾಕೆ ಅಂತ ಕೇಳಿದ್ದಿರಿ. ಇದು ಬಹುತೇಕ, ಬುಲೆಟ್ ಕೇಸಿನೊಳಕ್ಕೆ ಹಿಂದೆ ಸರಿಯುವ ಬುಲೆಟ್ ಸೆಟ್‌ಬ್ಯಾಕ್. ದಿನಾ ರಾತ್ರಿ 9 ಎಂಎಂ ಪಿಸ್ತೂಲು ಖಾಲಿ ಮಾಡಿ, ಬೆಳಿಗ್ಗೆ ಅದೇ ರೌಂಡನ್ನು ಮತ್ತೆ ಚೇಂಬರಿಗೆ (ನಳಿಕೆಯ ಹಿಂತುದಿಯ ಗೂಡಿಗೆ) ಏರಿಸುತ್ತೀರಿ ಅಂದಿರಲ್ಲ, ಪ್ರತಿ ಸಲ ಅದರ ಮೂತಿ ಚೇಂಬರಿನ ಬಾಯಿಯ ಇಳಿಜಾರು, ಅಂದರೆ ಫೀಡ್ ರ‍್ಯಾಂಪಿಗೆ ಬಡಿದು ಬುಲೆಟ್ ಸ್ವಲ್ಪ ಸ್ವಲ್ಪವೇ ಹಿತ್ತಾಳೆ ಕೇಸಿನೊಳಗೆ ಜಾರುತ್ತದೆ. ಒಳಗೆ ಜಾಗ ಕಮ್ಮಿಯಾದರೆ ಹಾರಿಸಿದಾಗ ಒತ್ತಡ ಜಾಸ್ತಿ. ಪಿಸ್ತೂಲೂ ಒಡೆಯಬಹುದು, ಕೈಗೂ ಪೆಟ್ಟಾಗಬಹುದು.

ಮೊದಲು ರೌಂಡ್ ತುಂಬುವ ಮ್ಯಾಗಜೀನ್ ತೆಗೆಯಿರಿ, ಆಮೇಲೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆಯಿರಿ. ಚೇಂಬರ್ ಖಾಲಿಯೇ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಅನುಮಾನದ ರೌಂಡನ್ನು ಅದೇ ಡಬ್ಬಿಯ ಹೊಸದರ ಪಕ್ಕ ಮೇಜಿನ ಮೇಲೆ ನಿಲ್ಲಿಸಿ. ನನ್ನದರಲ್ಲಿ ಬುಲೆಟ್ಟಿನ ಸುತ್ತ ತೆಳ್ಳಗೆ ಗೀರು ಬಿದ್ದಿತ್ತು, ಎತ್ತರದ ವ್ಯತ್ಯಾಸ ಬರಿಗಣ್ಣಿಗೇ ಕಾಣಿಸಿತು. ಉದ್ದ ಅಳೆಯುವ ಕ್ಯಾಲಿಪರ್ ಇದ್ದರೆ ಇನ್ನೂ ಒಳ್ಳೆಯದು. ಗಿಡ್ಡವಾಗಿದ್ದರೆ ಬೇರೆ ಇಟ್ಟು ಶೂಟಿಂಗ್ ರೇಂಜಿನವರಿಗೆ ಕೊಡಿ, ಕಸದ ಬುಟ್ಟಿಗೆ ಹಾಕಬೇಡಿ.

ಇನ್ನು ಮುಂದೆ ಸುಮ್ನೆ ದಿನಾ ತುಂಬಿ ತೆಗೆಯುವುದು ಬೇಡ. ಲೋಡ್ ಆಗಿರುವಂತೆಯೇ ಬೀಗದ ಪೆಟ್ಟಿಗೆಯಲ್ಲಿಡಿ, ಮನೆಯಲ್ಲಿ ಮಕ್ಕಳಿದ್ದಾರೆ ಅಂದಿರಿ, ಬೀಗ ಇರಲೇಬೇಕು. ತುಂಬುವಾಗ ರೌಂಡನ್ನು ಬೆರಳಿನಿಂದ ಚೇಂಬರಿಗೆ ಹಾಕಬೇಡಿ, ಎಷ್ಟೋ ಪಿಸ್ತೂಲುಗಳಲ್ಲಿ ಕೇಸನ್ನು ಹೊರಗೆಳೆಯುವ ಕೊಕ್ಕೆ, ಅಂದರೆ ಎಕ್ಸ್‌ಟ್ರ್ಯಾಕ್ಟರ್ ಹಾಳಾಗಬಹುದು. ಮ್ಯಾಗಜೀನಿನಿಂದಲೇ ಏರಲಿ.

ಟೆಕ್ಸಾಸಿನ ಅಪಾರ್ಟ್‌ಮೆಂಟ್ ಅಂದಿರಿ, ಗೋಡೆಯಾಚೆ ಇನ್ನೊಬ್ಬರ ಮನೆ ಅಲ್ವಾ? ಅಭ್ಯಾಸಕ್ಕೆ ಫುಲ್ ಮೆಟಲ್ ಜಾಕೆಟ್ (ಲೋಹದ ಹೊದಿಕೆಯ ಬುಲೆಟ್) ಸಾಕು, ರಕ್ಷಣೆಗೆ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವ ಬುಲೆಟ್) ಇಡಿ. ಅದು ಮೈಯಲ್ಲಿ ಅರಳಿ ನಿಲ್ಲುವ ಸಂಭವ ಜಾಸ್ತಿ, ಆದರೆ ಗುರಿ ತಪ್ಪಿದರೆ ಅದೂ ಗೋಡೆ ದಾಟುತ್ತದೆ. ಕೊಂಡ ಮೇಲೆ ಒಂದೆರಡು ಡಬ್ಬಿ ರೇಂಜಿನಲ್ಲಿ ಹಾರಿಸಿ, ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಮಾತ್ರ ಅದನ್ನೇ ಇಟ್ಟುಕೊಳ್ಳಿ. ಹೊಸ ರೌಂಡ್ ಕೂಡ ಒಂದೆರಡು ಸಲಕ್ಕೇ ಒಳಗೆ ಹೋದರೆ ಕಾರಣ ಬೇರೆ ಇರಬಹುದು, ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್‌ಗೆ ತೋರಿಸಿ.