ಥೀಮ್ ಪಾರ್ಕಿನ ನದಿಯಲ್ಲಿ ದೋಣಿ ತಾನಾಗಿ ಹೇಗೆ ಸಾಗುತ್ತದೆ?

ಹುಟ್ಟು ಹಾಕುವವರಿಲ್ಲ, ಎಂಜಿನ್ ಸದ್ದೂ ಇಲ್ಲ, ಆದರೂ ದೋಣಿ ದಾರಿ ತಪ್ಪುವುದಿಲ್ಲ ಹೇಗೆ ಅಂತ ಕೇಳಿದ್ದೀರಿ. ಎಲ್ಲ ಕಡೆ ಒಂದೇ ಉಪಾಯ ಇರುವುದಿಲ್ಲ.

ಜಾಸ್ತಿ ಕಡೆ ಅದು ಕಾಂಕ್ರೀಟ್ ಕಾಲುವೆ. ಪಂಪುಗಳು ಕಿಂಡಿಗಳ ಮೂಲಕ ನೀರನ್ನು ಮುಂದಕ್ಕೆ ಚಿಮ್ಮಿಸುತ್ತವೆ. ಆ ಹರಿವೇ ದೋಣಿಯನ್ನು ತಳ್ಳುತ್ತದೆ. ಅದೇ ನೀರನ್ನು ಸೋಸಿ ಮತ್ತೆ ಬಿಡುತ್ತಾರೆ. ಹತ್ತುವಾಗ ದೋಣಿಯ ಬದಿ ಗಮನಿಸಿ, ಕೆಲವದರಲ್ಲಿ ಪುಟ್ಟ ಗಾಲಿಗಳಿರುತ್ತವೆ. ತಿರುವಿನಲ್ಲಿ ಗೋಡೆಗೆ ಉಜ್ಜದೆ ಉರುಳಿಕೊಂಡು ಹೋಗಲಿ ಅಂತ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಡಿಸ್ನಿಯವರು ಮಾಡಿದ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ದೋಣಿಗಳನ್ನೂ ನೀರೇ ತಳ್ಳುತ್ತದೆ.

1955ರಲ್ಲಿ ಡಿಸ್ನಿಲ್ಯಾಂಡ್ ಜೊತೆಗೇ ಶುರುವಾದ ‘ಜಂಗಲ್ ಕ್ರೂಸ್’ ಬೇರೆ ಥರ. ಅಲ್ಲಿ ನೀರಿನಡಿ ಹಳಿ ಇದೆ. ವೇಗ ಚಾಲಕರ ಕೈಯಲ್ಲಿ, ದಾರಿ ಮಾತ್ರ ಹಳಿಯದ್ದು. ಅದು ಕಾಣಬಾರದು ಅಂತ ನೀರಿಗೆ ಬಣ್ಣ ಬೆರೆಸುತ್ತಾರೆ. ನನಗೆ ತುಂಬ ಇಷ್ಟವಾದದ್ದು ಇದೇ. ನಾವು ಸುಮ್ನೆ ಕೊಳೆ ನೀರು ಅಂದುಕೊಳ್ಳುತ್ತೇವೆ, ಅಲ್ವಾ? ಅದು ಬೇಕಂತಲೇ ಮಾಡಿದ್ದು.

ಎತ್ತರದಿಂದ ಧುಮುಕುವ ಸವಾರಿಗಳಲ್ಲಿ ಬೆಲ್ಟ್ ಅಥವಾ ಚೈನ್ ದೋಣಿಯನ್ನು ಮೇಲಕ್ಕೆ ಎಳೆಯುತ್ತದೆ. ಪಂಪ್ ನಿಲ್ಲಿಸಿದರೆ ಮೇಲಿನ ಕಾಲುವೆಯ ನೀರು ಕೆಳಗಿನ ಕೊಳಕ್ಕೆ ಇಳಿದುಬಿಡುತ್ತದೆ.