ಶಿವಮೊಗ್ಗದ ಸಣ್ಣ ಕಾರ್ ಡಿಟೇಲಿಂಗ್ ಅಂಗಡಿಯ ವೆಬ್‌ಸೈಟಿಗೆ ಯಾವ ಕೀವರ್ಡ್ ಆರಿಸಬೇಕು?

ನಿಮ್ಮ ಪ್ರಶ್ನೆ ಓದಿದೆ. ಸಾಗರ ರಸ್ತೆಯಲ್ಲಿ ಇಬ್ಬರು ಹುಡುಗರನ್ನು ಇಟ್ಟುಕೊಂಡು ಡಿಟೇಲಿಂಗ್ ಅಂಗಡಿ, ಅಂದರೆ ಕಾರನ್ನು ಒಳಗೂ ಹೊರಗೂ ಪೂರ್ತಿ ಕ್ಲೀನ್ ಮಾಡಿ ಹೊಳಪು ಕೊಡುವ ಅಂಗಡಿ, ಶುರು ಮಾಡಿದ್ದೀರಿ. ಐದು ಪುಟದ ವೆಬ್‌ಸೈಟ್ ಆಗಿದೆ. ಮಾಡಿಕೊಟ್ಟವರು "ಒಂದು ಐವತ್ತು ಕೀವರ್ಡ್ ಬರೆದು ಕಳಿಸಿ, ಒಳಗೆ ಹಾಕ್ತೀನಿ" ಅಂದಿದ್ದಾರೆ. ಯಾವ ಐವತ್ತು ಅಂತ ಕೇಳಿದ್ದೀರಿ.

ಐವತ್ತು ಬೇಡ, ಆರೇಳು ಸಾಕು. ಕೀವರ್ಡ್ ಅಂದರೆ ಜನ ಗೂಗಲ್‌ನಲ್ಲಿ ಟೈಪ್ ಮಾಡಿ ಹುಡುಕುವ ಮಾತು, ಅಷ್ಟೇ. ಅವರು ಹೇಳುವ "ಒಳಗೆ" ಅಂದರೆ ಬಹುಶಃ ಮೆಟಾ ಕೀವರ್ಡ್ಸ್ ಟ್ಯಾಗ್, ಪುಟದ ಕೋಡಿನೊಳಗೆ ಓದುವವರಿಗೆ ಕಾಣದ ಹಾಗೆ ಬರೆಯುವ ಪಟ್ಟಿ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ಅದಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ.

ನಾನು ಇದೇ ಊರಿನಲ್ಲಿ ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಕಾರಿನ ಕೆಲಸದವರು ಕೀವರ್ಡ್ ಪಟ್ಟಿ ಬರೆಯಲು ಕೂತರೆ ಮೊದಲು ಬರುವುದು ಪೇಂಟ್ ಕರೆಕ್ಷನ್, ಡಿಕಂಟಾಮಿನೇಶನ್, ಕ್ಲೇ ಬಾರ್. ಇವೆಲ್ಲ ನಿಮ್ಮ ಕೆಲಸದ ಹೆಸರುಗಳು. ತೀರ್ಥಹಳ್ಳಿಯಿಂದ ಕಾರ್ ತರುವ ತೋಟದವರಿಗೆ ಗೊತ್ತಿರುವುದು ತಮ್ಮ ಕಾರಿಗೆ ಏನಾಗಿದೆ ಅನ್ನುವುದಷ್ಟೇ. ಅವರು ಅದನ್ನೇ ಟೈಪ್ ಮಾಡುತ್ತಾರೆ.

ಹಾಗಾಗಿ ಮೊದಲ ಕೆಲಸಕ್ಕೆ ಕಂಪ್ಯೂಟರ್ ಬೇಡ. ಅಂಗಡಿಯ ವಾಟ್ಸಾಪ್ ತೆಗೆದು ಹಳೆಯ ಮೆಸೇಜ್‌ಗಳನ್ನು ಓದಿ. "ಅಣ್ಣಾ, ಮಳೆಗಾಲ ಪೂರ್ತಿ ಗಾಡಿ ನಿಲ್ಸಿದ್ದೆ, ಸೀಟಿಗೆ ಬೂಷ್ಟು ಹಿಡಿದಿದೆ, ಹೋಗುತ್ತಾ?" "ಎಸಿ ಹಾಕಿದ್ರೆ ವಾಸನೆ ಬರುತ್ತೆ." "ಬಾಗಿಲಿಗೆ ಗೀರು ಬಿದ್ದಿದೆ, ಪೇಂಟ್ ಮಾಡಿಸ್ದೆ ತೆಗೀಬಹುದಾ?" "ಹೆಡ್‌ಲೈಟ್ ಹಳದಿ ಆಗಿದೆ." "ಡಿಕ್ಕಿಯಲ್ಲಿ ಹಸಿ ಅಡಿಕೆ ತಂದಿದ್ದೆ, ಚೊಗರು ಕಲೆ ಆಗಿದೆ." ಇವನ್ನು ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮತ್ತೆ ಮತ್ತೆ ಬರುವುದರ ಮುಂದೆ ಗೆರೆ ಎಳೆಯುತ್ತಾ ಹೋಗಿ. ಡ್ರೈವರ್ ಬಾಗಿಲ ಹೊರಗಿನ ಕವಳದ ಕಲೆಯನ್ನು ಮಾತ್ರ ಯಾರೂ ಗೂಗಲ್‌ನಲ್ಲಿ ಹುಡುಕುವುದಿಲ್ಲ, ಸುಮ್ನೆ ತಂದು ನಿಲ್ಲಿಸುತ್ತಾರೆ. ಅದನ್ನು ಬಿಟ್ಟುಬಿಡಿ.

ಆಮೇಲೆ ಫೋನಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಇಲ್ಲದಿದ್ದರೆ ನೀವೇ ಹಿಂದೆ ಹುಡುಕಿದ್ದು ಮೇಲೆ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ "ಕಾರ್ ವಾಶ್ ಇನ್", "ಕಾರ್ ಸೀಟ್ ಕ್ಲೀನಿಂಗ್", "ಸೆರಾಮಿಕ್ ಕೋಟಿಂಗ್" ಅಂತ ನಿಧಾನವಾಗಿ ಒತ್ತಿ. ಗೂಗಲ್ ಕೆಳಗೆ ತೋರಿಸುವ ಸಾಲುಗಳನ್ನೂ ಹಾಳೆಗೆ ಸೇರಿಸಿ. ಜನ ಹುಡುಕುವ ಮಾತುಗಳಿಂದಲೇ ಅದು ಆ ಸಾಲುಗಳನ್ನು ಕಟ್ಟುತ್ತದೆ. ಎರಡೂ ಕಡೆ ಬಂದ ಮಾತೇ ನಿಮ್ಮ ಕೀವರ್ಡ್.

ಊರಿನ ಹೆಸರಿನದ್ದು ಒಂದು ತಲೆನೋವು ಇದ್ದೇ ಇದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಶಿವಮೊಗ್ಗ ಅಂತಲೇ ಬರೆಯಬೇಕು. ಆದರೆ ಟೈಪ್ ಮಾಡುವಾಗ ಇವತ್ತಿಗೂ "ಶಿಮೊಗ" ಅಂತಲೇ ಒತ್ತುವವರಿದ್ದಾರೆ. ಎರಡೂ ಒಂದೇ ಊರು ಅಂತ ಗೂಗಲ್‌ಗೆ ಗೊತ್ತು, ಅದಕ್ಕಾಗಿ ಎರಡೆರಡು ಪುಟ ಮಾಡಬೇಡಿ. ಶೀರ್ಷಿಕೆಯಲ್ಲಿ ಒಂದು ರೂಪ, ವಿಳಾಸದ ಸಾಲಿನಲ್ಲೋ ಪ್ಯಾರಾದಲ್ಲೋ ಇನ್ನೊಂದು ಇದ್ದರೆ ಆಯಿತು.

"ನಿಯರ್ ಮಿ" ಅನ್ನುವುದನ್ನು ಪುಟದಲ್ಲಿ ತುರುಕಬೇಡಿ. ಯಾರಾದರೂ "ಕಾರ್ ವಾಶ್ ನಿಯರ್ ಮಿ" ಅಂತ ಹುಡುಕಿದರೆ ಗೂಗಲ್ ಮೊದಲು ಮ್ಯಾಪ್ ತೋರಿಸುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಹುಡುಕಿದ್ದಕ್ಕೂ ನಿಮಗೂ ಎಷ್ಟು ಹೊಂದುತ್ತದೆ, ಎಷ್ಟು ದೂರ, ನೀವು ಎಷ್ಟು ಹೆಸರುವಾಸಿ ಅನ್ನುವುದು. ಗೋಪಾಳದಲ್ಲಿ ನಿಂತು ಹುಡುಕುವವರಿಗೆ ಗೋಪಾಳದ ಅಂಗಡಿಯೇ ಮೊದಲು ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ಬರೀ ವಾಶ್ ಗಿರಾಕಿಗಾಗಿ ವೆಬ್‌ಸೈಟಿನಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪ್‌ನಲ್ಲಿ ಕಾಣುವ ನಿಮ್ಮ ಅಂಗಡಿಯ ವಿವರ, ಸರಿ ಮಾಡಿ. ಮುಖ್ಯ ವರ್ಗದಲ್ಲಿ ಕಾರ್ ಡಿಟೇಲಿಂಗ್ ಸರ್ವೀಸ್ ಆರಿಸಿ, ಕಾರ್ ವಾಶ್ ಎರಡನೆಯದಾಗಿರಲಿ. ಬೋರ್ಡಿನ ಮೇಲೆ ಇರುವ ಹೆಸರನ್ನೇ ಹಾಕಿ. ಅಂಗಡಿ ಹೆಸರಿನ ಹಿಂದೆ "ಬೆಸ್ಟ್ ಸೆರಾಮಿಕ್ ಕೋಟಿಂಗ್ ಶಿವಮೊಗ್ಗ" ಅಂತ ಬಾಲ ಸೇರಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ನಿಂತುಹೋಗಬಹುದು.

ವೆಬ್‌ಸೈಟಿನ ಕೀವರ್ಡ್‌ಗಳನ್ನು ದುಡ್ಡು ಬರುವ ಕೆಲಸಗಳಿಗೆ ಇಟ್ಟುಕೊಳ್ಳಿ. ಸೆರಾಮಿಕ್ ಕೋಟಿಂಗ್ (ಪೇಂಟಿನ ಮೇಲೆ ಹಚ್ಚುವ ರಕ್ಷಣೆಯ ಪದರ), ಪಿಪಿಎಫ್ (ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್), ಒಳಗಿನ ಪೂರ್ತಿ ಕ್ಲೀನಿಂಗ್, ರಬ್ಬಿಂಗ್ ಪಾಲಿಶ್, ಅಂಡರ್‌ಬಾಡಿ ಕೋಟಿಂಗ್. ಒಂದೊಂದಕ್ಕೆ ಒಂದೊಂದು ಪುಟ. ಎಲ್ಲವನ್ನೂ "ನಮ್ಮ ಸೇವೆಗಳು" ಅಂತ ಒಂದೇ ಪುಟಕ್ಕೆ ತುಂಬಿದರೆ ಅದು ಯಾವ ಹುಡುಕಾಟಕ್ಕೂ ಸರಿಯಾಗಿ ಉತ್ತರವಾಗುವುದಿಲ್ಲ.

ಒಂದು ಪುಟ ಹೇಗಿರಬೇಕು ಅಂತ ಹೇಳುತ್ತೇನೆ. ಶೀರ್ಷಿಕೆ: "ಕಾರ್ ಸೀಟ್ ಕ್ಲೀನಿಂಗ್ ಶಿವಮೊಗ್ಗ – ಬೂಷ್ಟು, ವಾಸನೆ, ಕಲೆ". ಮೊದಲ ಸಾಲಿನಲ್ಲೇ ಗಿರಾಕಿಯ ಪ್ರಶ್ನೆ: ಮಳೆಗಾಲದಲ್ಲಿ ಸೀಟಿಗೆ ಹಿಡಿದ ಬೂಷ್ಟು ಹೋಗುತ್ತಾ? ಆಮೇಲೆ ಉತ್ತರ. ಬಟ್ಟೆ ಸೀಟಾದರೆ ಏನು ಮಾಡುತ್ತೀರಿ, ಲೆದರ್ ಆದರೆ ಏನು. ಯಾವ ಕಲೆ ಪೂರ್ತಿ ಹೋಗುವುದಿಲ್ಲ, ಅದನ್ನೂ ಬರೆಯಿರಿ. ಜುಲೈನಲ್ಲಿ ತೊಳೆದ ಸೀಟಿನ ಫೋಮ್ ಒಣಗುವುದಕ್ಕೆ ಎಷ್ಟು ಹೊತ್ತು ಬೇಕು, ಗಾಡಿ ಒಂದು ರಾತ್ರಿ ಬಿಡಬೇಕಾ? ಇದು ಬೆಂಗಳೂರಿನ ಯಾವ ಡಿಟೇಲಿಂಗ್ ವೆಬ್‌ಸೈಟಿನಲ್ಲೂ ನನಗೆ ಸಿಕ್ಕಿಲ್ಲ. ಆಗುಂಬೆ ಕಡೆಯವರಿಗೆ ಮೊದಲು ಬೇಕಾಗುವುದೇ ಇದು. ನಿಮ್ಮ ಅಂಗಡಿಯಲ್ಲೇ ತೆಗೆದ ಫೋಟೋ ಹಾಕಿ, ಕ್ಲೀನಿಂಗಿಗೆ ಮೊದಲು ಒಂದು, ಆದಮೇಲೆ ಒಂದು. ನಂಬರ್ ಪ್ಲೇಟ್ ಮರೆಮಾಡಿ.

ಕೊನೆಗೆ ರೇಟು. ಸೆರಾಮಿಕ್ ಕೋಟಿಂಗ್ ಜೊತೆ ಜನ ಹುಡುಕುವ ಮಾತು ಪ್ರೈಸ್. "ರೇಟಿಗೆ ಕರೆ ಮಾಡಿ" ಅಂತ ಬರೆದ ಪುಟ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಅಲ್ವಾ? ಸಣ್ಣ ಕಾರಿಗೆ ಇಷ್ಟರಿಂದ, ಸೆಡಾನ್‌ಗೆ ಇಷ್ಟರಿಂದ, ದೊಡ್ಡ ಗಾಡಿಗೆ ಇಷ್ಟರಿಂದ ಅಂತ ಬರೆಯಿರಿ. ಪಕ್ಕದ ಅಂಗಡಿಯವರು ನೋಡುತ್ತಾರೆ ಅನ್ನುವ ಭಯ ಬೇಡ, ಅವರಿಗೆ ನಿಮ್ಮ ರೇಟು ಈಗಲೇ ಗೊತ್ತಿರುತ್ತದೆ.

ಇಂಗ್ಲಿಷ್ ಪುಟದ ಜೊತೆ ಕನ್ನಡದಲ್ಲೂ ಒಂದು ಇರಲಿ. ಮೈಕ್ ಒತ್ತಿ ಕನ್ನಡದಲ್ಲೇ ಕೇಳುವವರು ಇದ್ದಾರೆ, ಈ ವಿಷಯದಲ್ಲಿ ಕನ್ನಡದ ಪುಟಗಳು ಬಹಳ ಕಡಿಮೆ.

ಯಾವ ಮಾತನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಅಂತ ತೋರಿಸುವ ಕೀವರ್ಡ್ ಪ್ಲಾನರ್ ಗೂಗಲ್ ಆ್ಯಡ್ಸ್ ಒಳಗಿದೆ, ಪುಕ್ಕಟೆ. ಜಾಗ ಶಿವಮೊಗ್ಗ ಅಂತ ಇಟ್ಟು ನೋಡಿ. ಜಾಹೀರಾತಿಗೆ ದುಡ್ಡು ಹಾಕದವರಿಗೆ ಅದು ಸರಿಯಾದ ಸಂಖ್ಯೆ ಕೊಡುವುದಿಲ್ಲ, ತಿಂಗಳಿಗೆ 10ರಿಂದ 100 ಅಂತ ಅಂದಾಜು ತೋರಿಸುತ್ತದೆ. ಅದನ್ನು ನೋಡಿ ಇಷ್ಟೇನಾ ಅನ್ನಬೇಡಿ. ಕೋಟಿಂಗಿಗೆ ಒಂದು ಗಾಡಿ ಎರಡು ಮೂರು ದಿನ ನಿಂತರೆ, ಇಬ್ಬರು ಹುಡುಗರಿಂದ ತಿಂಗಳಿಗೆ ಎಷ್ಟು ಗಾಡಿ ಆಗುತ್ತದೆ ಲೆಕ್ಕ ಹಾಕಿ. ಐವತ್ತು ಜನ ಹುಡುಕಿ ಐದು ಜನ ಬಂದರೂ ನಿಮ್ಮ ಕೈ ತುಂಬುತ್ತದೆ. ಅದೇ ಇಡೀ ದೇಶದಲ್ಲಿ ಸಾವಿರಾರು ಜನ ಹುಡುಕುವ ಬರೀ "ಸೆರಾಮಿಕ್ ಕೋಟಿಂಗ್" ಹಿಂದೆ ಹೋದರೆ ದೊಡ್ಡ ಕಂಪನಿಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ. "ಡಿಟೇಲಿಂಗ್ ಕೋರ್ಸ್", "ಡಿಟೇಲಿಂಗ್ ಜಾಬ್", "ಮನೆಯಲ್ಲೇ ಕೋಟಿಂಗ್ ಮಾಡುವುದು ಹೇಗೆ" ಇವೂ ಪಟ್ಟಿಯಲ್ಲಿ ಬರುತ್ತವೆ. ಅವರು ಯಾರೂ ಗಿರಾಕಿಗಳಲ್ಲ. ಮುಂದೆ ಜಾಹೀರಾತು ಕೊಡುವುದಾದರೆ ಇವನ್ನು ನೆಗೆಟಿವ್ ಕೀವರ್ಡ್ ಆಗಿ ಸೇರಿಸಿ, ಈ ಮಾತು ಹುಡುಕಿದವರಿಗೆ ನಿಮ್ಮ ಜಾಹೀರಾತು ಕಾಣುವುದಿಲ್ಲ.

ಸುತ್ತಲಿನ ಊರುಗಳ ಬಗ್ಗೆ ಕೇಳಿದ್ದೀರಿ. ಬರೀ ವಾಶ್‌ಗೆ ಸಾಗರದಿಂದ ಯಾರೂ ಬರುವುದಿಲ್ಲ, ಪಿಪಿಎಫ್‌ಗೆ ಬರುತ್ತಾರೆ. ಹಾಗಂತ ಭದ್ರಾವತಿ, ಸಾಗರ, ಶಿಕಾರಿಪುರ ಅಂತ ಊರಿನ ಹೆಸರಷ್ಟೇ ಬದಲಿಸಿ ಅದೇ ಪುಟವನ್ನು ಹತ್ತು ಸಲ ಹಾಕಬೇಡಿ. ಗೂಗಲ್ ಇದನ್ನು ಸ್ಪ್ಯಾಮ್ ಅಂತಲೇ ಎಣಿಸುತ್ತದೆ. ಪಿಪಿಎಫ್ ಪುಟದಲ್ಲೇ "ಹೊರ ಊರಿನಿಂದ ಬರುವವರಿಗೆ" ಅಂತ ಒಂದು ಭಾಗ ಮಾಡಿ. ಸಾಗರ, ತೀರ್ಥಹಳ್ಳಿ ಕಡೆಯಿಂದ ಬಂದರೆ ಗಾಡಿ ಎಷ್ಟು ದಿನ ಬಿಡಬೇಕು, ಬಸ್ ಸ್ಟ್ಯಾಂಡಿಗೆ ನೀವು ಬಿಡುತ್ತೀರಾ, ಫೋಟೋ ಕಳಿಸುತ್ತೀರಾ? ಊರಿನ ಹೆಸರುಗಳು ಅಲ್ಲಿ ತಾವಾಗಿಯೇ ಬರುತ್ತವೆ.

ಕಾಲಕ್ಕೆ ತಕ್ಕ ಕೀವರ್ಡ್‌ಗಳೂ ಇವೆ. ಅಂಡರ್‌ಬಾಡಿ ಕೋಟಿಂಗ್ ನೆನಪಾಗುವುದು ಮಳೆ ಹಿಡಿಯುವ ಮುಂಚೆ, ಪಾಲಿಶ್ ನೆನಪಾಗುವುದು ಆಯುಧ ಪೂಜೆ ಹತ್ತಿರ ಬಂದಾಗ, ಬೂಷ್ಟು ಮಳೆ ನಡುವೆ. ಗೂಗಲ್ ಹೊಸ ಪುಟವನ್ನು ನೋಡಿ ಮೇಲೆ ತರಲು ವಾರಗಳೇ ಬೇಕು. ಮಳೆಗಾಲದ ಪುಟ ಏಪ್ರಿಲ್‌ನಲ್ಲೇ ಇರಲಿ.

ಇಷ್ಟಾದ ಮೇಲೆ ವೆಬ್‌ಸೈಟಿಗೆ ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನುವ ಸಾಧನ ಜೋಡಿಸಿ ಎರಡು ಮೂರು ತಿಂಗಳು ಬಿಡಿ. ಅದೂ ಪುಕ್ಕಟೆ, 16 ತಿಂಗಳ ಲೆಕ್ಕ ಇಡುತ್ತದೆ. ಯಾವ ಮಾತಿಗೆ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಅನ್ನುವುದು ಅಲ್ಲಿರುತ್ತದೆ. ತುಂಬಾ ಕಮ್ಮಿ ಜನ ಹುಡುಕಿದ ಮಾತುಗಳನ್ನು ಅದು ಬಚ್ಚಿಡುತ್ತದೆ, ಪಟ್ಟಿ ಚಿಕ್ಕದಿದ್ದರೆ ಗಾಬರಿ ಬೇಡ. ಜಾಸ್ತಿ ಸಲ ಕಂಡರೂ ಯಾರೂ ಒತ್ತದ ಸಾಲು ಸಿಕ್ಕಿದರೆ ಮೊದಲು ಆ ಪುಟದ ಶೀರ್ಷಿಕೆ ಬದಲಿಸಿ ನೋಡಿ.

ನೀವು ಬೈಕ್ ತಗೊಳ್ತೀರೋ ಇಲ್ಲವೋ ಬರೆದಿಲ್ಲ. ತಗೊಳ್ಳುವುದಾದರೆ ಅದಕ್ಕೆ ಬೇರೆ ಪುಟ ಮಾಡಿ, ಕಾರಿನ ಪುಟದ ಕೆಳಗೆ ಒಂದು ಸಾಲು ಸೇರಿಸಿ ಬಿಡಬೇಡಿ.